ಐದು ನಮೂನಿ ಉಂಡಿ

ಶಿವಯೋಗೆಪ್ಪ ಮೋಟರ್‌ಸೈಕಲ್ಲಿನಿಂದ ಶೇಂಗಾದ ಚೀಲ ಇಳಿಸಿ ಪಡಸಾಲೆಗೆ ತಂದಿಟ್ಟಾಗ, ಮಗ ಯಾರದೋ ಮನೆಯ ಸಾಮಾನನ್ನು ತಪ್ಪಿ ಇಲ್ಲಿಗೆ ತಂದಿದ್ದಾನೆ ಎಂದೇ ದುಂಡವ್ವನಿಗೆ ಮೊದಲು ಅನಿಸಿತು. ಚೀಲದ ಹಿಂದೆ ಎರಡು ಬೆಲ್ಲದ ಪೆಂಟೆ ಬಂದವು. ಆಮೇಲೆ ಎಳ್ಳು, ಪುಟಾಣಿ, ಕಡಲೆಬೇಳೆ, ಏಲಕ್ಕಿ, ಗೋಡಂಬಿಯ ಪೊಟ್ಟಣ, ಕೊನೆಗೆ ಒಂದು ದೊಡ್ಡ ಡಬ್ಬಿ ತುಪ್ಪ.

"ಇದೇನೋ?" ಎಂದಳು.

"ಪಂಚಮಿ ಸಂತಿ, ಯವ್ವಾ."

"ಇಷ್ಟ್?"

"ಹೋದ ವರ್ಷ ಅಪ್ಪ ತೀರಿಕೊಂಡಿದ್ದಕ್ಕ ಹಬ್ಬ ಆಗ್ಲಿಲ್ಲ. ಈ ವರ್ಷ ಐದು ನಮೂನಿ ಉಂಡಿ ಆಗಬೇಕು. ಸಂಗವ್ವನ್ನ ನಾನ ಹೋಗಿ ಕರಕೊಂಡ ಬರ್ತೀನಿ. ಐದು ದಿನಾ ಮೊದಲ."

ಅಡುಗೆಮನೆಯಿಂದ ಸೊಸೆ ನಂದಾಳ ದನಿ ಬಂತು. "ಹುರಿಯಾವರು, ತಿಕ್ಕಾವರು, ಕಟ್ಟಾವರು, ಅವರನ್ನೂ ಸಂತ್ಯಾಗ ತಂದೀರೇನು?"

ಶಿವಯೋಗೆಪ್ಪ ಕೇಳಿಸಿಕೊಳ್ಳದವನ ಹಾಗೆ ಕೈಕಾಲು ತೊಳೆಯಲು ಹೋದ. ಹನ್ನೊಂದನೇ ಇಯತ್ತೆ ಓದುವ ಮೊಮ್ಮಗಳು ಕಾಜಲ್ ಗೋಡಂಬಿಯ ಪೊಟ್ಟಣ ಹರಿದು ಎರಡು ಬಾಯಿಗೆ ಹಾಕಿಕೊಂಡು, "ಆಯೀ, ಪಪ್ಪಾಗ ಏನಾಗೇತಿ?" ಎಂದು ಅಜ್ಜಿಯ ಕಿವಿಯಲ್ಲಿ ನಕ್ಕಳು.

ದುಂಡವ್ವ ನಗಲಿಲ್ಲ. ಅವಳ ಕಣ್ಣು ತುಂಬಿ ಬಂದಿತ್ತು. ಪ್ರತಿ ವರ್ಷ ಶ್ರಾವಣ ಹತ್ತಿರ ಬಂದರೆ ಈ ಮಗನ ಬಾಯಲ್ಲಿ ಬರುತ್ತಿದ್ದದ್ದು ಒಂದೇ ಮಾತು: "ಎರಡ ಕಿಲೋ ಸಾಕ, ಯಾರ ತಿಂತಾರ?" ತಂಗಿಯನ್ನು ಕರೆಯಲು ಹೋಗುವುದೆಂದರೆ ಅವನಿಗೆ ಬೇನೆ ಬಂದ ಹಾಗೆ. ಸಂಗವ್ವ ತಾನೇ ಮಕ್ಕಳನ್ನು ಕಟ್ಟಿಕೊಂಡು ಕುಣಿಕೋಣೂರಿನಿಂದ ಬಸ್ಸಿಗೆ ಬಂದು, ಹಾಲೆರೆದು, ಮರುದಿನ ಬಸ್ಸಿಗೇ ಹೋಗುತ್ತಿದ್ದಳು. ದುಂಡವ್ವನ ಗಂಡ ಸೋಮನಿಂಗಪ್ಪ ಇದ್ದಾಗ ಮಗಳನ್ನು ಬಸ್‌ಸ್ಟ್ಯಾಂಡಿನವರೆಗೆ ಬಿಟ್ಟು ಬಂದು ಅರ್ಧ ದಿನ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಈಗ ತಂದೆ ಹೋದ ಮೇಲೆ ಮಗನಿಗೆ ತಂದೆಯ ಜವಾಬ್ದಾರಿ ಬಂದಿದೆ ಎಂದುಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಂಡು, ಮೊರ ತಂದು ಶೇಂಗಾ ಸುರುವಿ ಕಲ್ಲು ಆರಿಸಲು ಕೂತಳು.

ಮರುದಿನದಿಂದ ಸೊರಡಿ ಊರಿನ ಆ ಮನೆಯಲ್ಲಿ ಒಲೆ ಆರಲಿಲ್ಲ. ಬೆಳಗಿನ ರೊಟ್ಟಿ ಮುಗಿದ ಕೂಡಲೇ ನಂದಾ ಬಾಣಲೆ ಏರಿಸುತ್ತಿದ್ದಳು. ಶೇಂಗಾ ಹುರಿದು, ಗೋಣಿಯ ಮೇಲೆ ಹರವಿ, ಅಂಗೈಯಿಂದ ತಿಕ್ಕಿ ಸಿಪ್ಪೆ ಬಿಡಿಸಿ, ಕೇರಿ, ಒರಳಿಗೆ ಹಾಕಬೇಕು. ಮಿಕ್ಸರಿಗೆ ಹಾಕೋಣ ಎಂದು ನಂದಾ, ಎಣ್ಣೆ ಬಿಟ್ಟು ಜಿಗುಟಾಗುತ್ತದೆ, ಒರಳೇ ಬೇಕು ಎಂದು ದುಂಡವ್ವ.

"ಹಂಗಂದ್ರ ಕುಟ್ರಿ," ಎಂದು ನಂದಾ ಒನಕೆ ತಂದು ಅತ್ತೆಯ ಮುಂದೆ ನಿಲ್ಲಿಸಿದಳು.

"ನಾ ಕುಟ್ಟಾಕಿನ ಅದೀನಿ, ತಾ." ಅರವತ್ನಾಲ್ಕು ದಾಟಿದ ದುಂಡವ್ವ ಹತ್ತು ಪೆಟ್ಟು ಕುಟ್ಟಿ ರಟ್ಟೆ ಹಿಡಿದುಕೊಂಡಳು. ನಂದಾ ಗೊಣಗುತ್ತಲೇ ಒನಕೆ ಕಸಿದುಕೊಂಡು ತಾನೇ ಕುಟ್ಟಿದಳು. ಅವಳ ಸಿಟ್ಟು ಯಾವಾಗಲೂ ಹೀಗೆ. ಬಾಯಲ್ಲಿ ಬೈಯುತ್ತಿದ್ದರೂ ಕೈ ಕೆಲಸ ನಿಲ್ಲಿಸುತ್ತಿರಲಿಲ್ಲ.

ಜೋಳವನ್ನು ನೆನೆಸಿ ನೆರಳಿನಲ್ಲಿ ಆರಹಾಕಿ, ಕಾದ ಬಾಣಲೆಯಲ್ಲಿ ಬಟ್ಟೆ ಸುತ್ತಿದ ಕೋಲಿನಿಂದ ಒತ್ತುತ್ತ ಹುರಿದರೆ ಅದು ಚಟಪಟ ಎಂದು ಮಲ್ಲಿಗೆಯಂತೆ ಅರಳುತ್ತದೆ. ಆ ಅರಳನ್ನು ಬೀಸಿ, ಬೆಲ್ಲದ ನೀರಿನಲ್ಲಿ ಕಲಸಿದ ಅಳ್ಳಿಟ್ಟು ಎಂದರೆ ಸಂಗವ್ವನಿಗೆ ಪ್ರಾಣ. ದುಂಡವ್ವ ಒಂದು ಬುಟ್ಟಿ ಅರಳು ಹೊತ್ತುಕೊಂಡು ರಹಿಮಾಳ ಗಿರಣಿಗೆ ಹೋದಳು.

ರಹಿಮಾ, ಅವಳ ಗಂಡ ಗುಲಾಬ ಇಬ್ಬರೂ ಸೇರಿ ನಡೆಸುವ ಹಿಟ್ಟಿನ ಗಿರಣಿ ಅದು. ಹಬ್ಬದ ಗದ್ದಲ ಇನ್ನೂ ಶುರುವಾಗಿರಲಿಲ್ಲ. ರಹಿಮಾ ಮೊದಲು ಒಂದು ಹಿಡಿ ಜೋಳ ಹಾಕಿ ಗಿರಣಿಯಲ್ಲಿದ್ದ ಗೋಧಿಯ ಹಿಟ್ಟು ಕಳೆದಳು. ಆಮೇಲೆ ಅರಳು ಸುರುವಿ, ಬಾಯಿಗೆ ಕಟ್ಟಿದ ಬಟ್ಟೆ ಸರಿಸಿ, "ದುಂಡಕ್ಕಾ, ಸಂಗವ್ವ ಒಪ್ಪಿದ್ಲೇನ್ರಿ?" ಎಂದಳು.

"ಬರಾಕೇನು ಒಪ್ಪೂದು? ತವರಿಗೆ ಯಾರ ಒಲ್ಲೆ ಅಂತಾರ?"

"ಬರಾಕಲ್ರಿ. ಬರದಕೊಡಾಕ."

"ಏನ ಬರದಕೊಡಾಕ?"

ರಹಿಮಾಳ ಮುಖದ ಮೇಲೆ ತಾನು ಹೇಳಬಾರದ್ದನ್ನು ಹೇಳಿದೆ ಎಂಬುದು ಕಾಣಿಸಿಕೊಂಡಿತು. ಅವಳು ಹಿಟ್ಟಿಗೆ ಕೈಯಾಡಿಸಿದಳು.

"ರಹಿಮಾ, ಅರ್ಧ ಹೇಳಿ ಬಿಡಬ್ಯಾಡ."

"ನಮ್ಮನಿಯವ್ರು ಮೊನ್ನಿ ಜತ್ತಕ್ಕ ಹೋಗಿದ್ರು ದುಂಡಕ್ಕಾ. ಸ್ಟ್ಯಾಂಪ್ ಬರಿಯಾವನ ಕಡಿ ನಿಮ್ಮ ಶಿವಯೋಗೆಪ್ಪ ಕುಂತಿದ್ನಂತ. ಹಕ್ಕಸೋಡ ಬರಸಲಾಕತ್ತಿದ್ನಂತ, ತಂಗೀ ಹೆಸರ್ಲೆ. ನಿಮಗ ಗೊತ್ತೈತಿ ಅಂತ ತಿಳದಿದ್ದೆ ನಾ."

ಆ ಸೀಮೆಯಲ್ಲಿ ಆ ಶಬ್ದ ಕೇಳದ ಹೆಣ್ಣುಮಗಳಿಲ್ಲ. ತಂದೆಯ ಹೊಲದಲ್ಲಿ ನನಗೆ ಪಾಲು ಬೇಡ, ಅಣ್ಣತಮ್ಮಂದಿರೇ ಉಣ್ಣಲಿ ಎಂದು ಹೆಣ್ಣುಮಕ್ಕಳು ಸಹಿ ಹಾಕಿಕೊಡುವ ಕಾಗದ ಅದು. ತಂದೆ ಸತ್ತು ಹೊಲದ ದಾಖಲೆಯಾದ ಉತಾರದ ಮೇಲೆ ವಾರಸುದಾರರ ಹೆಸರು ಏರಿದ ಮೇಲೆ ಒಂದಲ್ಲ ಒಂದು ದಿನ ಆ ಕಾಗದ ಬಂದೇ ಬರುತ್ತದೆ.

"ಗೊತ್ತೈತಿ," ಎಂದಳು ದುಂಡವ್ವ. ಎದ್ದು ಹೊರಟು, ಅರ್ಧ ದಾರಿಗೆ ಬಂದ ಮೇಲೆ ಹಿಟ್ಟನ್ನು ಗಿರಣಿಯಲ್ಲೇ ಬಿಟ್ಟು ಬಂದದ್ದು ನೆನಪಾಯಿತು. ತಿರುಗಿ ಹೋದಳು. ರಹಿಮಾ ಬಾಗಿಲಲ್ಲೇ ಬುಟ್ಟಿ ಹಿಡಿದು ನಿಂತಿದ್ದಳು.

ಮನೆಗೆ ಬಂದು ಎಳ್ಳು ಹುರಿಯಲು ಕೂತಳು. ಎಳ್ಳು ಚಿಟಚಿಟ ಅನ್ನುವುದನ್ನು ಕೇಳುತ್ತ ಕೂತೇ ಇದ್ದಳು. ಹೊಗೆ ಬಂದಾಗ ನಂದಾ ಓಡಿ ಬಂದು ಬಾಣಲೆ ಇಳಿಸಿದಳು. "ಅತ್ತೀ! ಎಲ್ಲಾ ಕರ್ರಗಾತಲ್ರಿ! ಕಣ್ಣು ಎಲ್ಲಿದ್ದುವು?"

"ಚೆಲ್ಲು. ಮತ್ತ ಹುರಿತೀನಿ."

"ಒಂದ ಕಿಲೋ ಎಳ್ಳ ಚೆಲ್ಲು ಅಂತೀರಿ?"

"ಚೆಲ್ಲಂದ್ನಲ್ಲ!"

ಸೊಸೆ ಅತ್ತೆಯ ಮುಖ ನೋಡಿದಳು. ಏನೋ ತಿಳಿದವಳ ಹಾಗೆ ಬಾಣಲೆ ಎತ್ತಿಕೊಂಡು ಹಿತ್ತಲಿಗೆ ಹೋದಳು.

ಆ ಸಂಜೆ ಊಟಕ್ಕೆ ಎಲ್ಲರೂ ಒಟ್ಟಿಗೇ ಕೂತಿದ್ದರು. ಶಿವಯೋಗೆಪ್ಪ, ಕಾಜಲ್, ಅವಳ ತಮ್ಮ ಮಲ್ಲು. ನಂದಾ ರೊಟ್ಟಿ ಬಡಿಯುತ್ತಿದ್ದಳು. ಮಗ ಎರಡನೇ ರೊಟ್ಟಿ ಮುರಿಯುವಾಗ ದುಂಡವ್ವ ಕೇಳಿದಳು.

"ಸಂಗವ್ವನ ಸಹಿ ಯಾವತ್ತು ಇಟ್ಟೀದಿ?"

ಶಿವಯೋಗೆಪ್ಪ ಹೆಂಡತಿಯ ಕಡೆ ನೋಡಿದ. ನಂದಾ, "ನಾ ಹೇಳಿಲ್ಲ," ಎಂದಳು.

"ಹಬ್ಬ ಆಗಿ ಮೂರನೇ ದಿನ," ಎಂದ ಅವನು. "ಸೋಮವಾರ. ನಿನ್ನ ಸಹೀನೂ ಬೇಕು, ನಿನಗೂ ಹೇಳಾವ ಇದ್ದೆ. ಮಾಳದ ಹೊಲಾ ಸೋಲಾರಿನವರು ಮೂವತ್ತು ವರ್ಷ ಲೀಜಿಗೆ ಕೇಳಲಾಕತ್ತಾರ. ಉತಾರದಾಗ ಮೂರು ಹೆಸರು ಅದಾವ, ನಂದು, ನಿಂದು, ಸಂಗವ್ವಂದು. ಒಂದ ಹೆಸರಿದ್ರ ಕೆಲಸ ಲಗೂನ ಆಗ್ತೈತಿ."

"ಆಕೀಗ ಹೇಳೀದಿ?"

"ಫೋನಿನ್ಯಾಗ ಹೇಳಿದ್ರ ಆಕಿ ಗಂಡ ಅಡ್ಡ ಮಾತಾಡ್ತಾನ. ಇಲ್ಲಿಗೆ ಬರಲಿ, ಉಂಡು ತಿಂದು ಸಮಾಧಾನ ಇದ್ದಾಗ ಹೇಳೂನು. ಜತ್ತದಾಗ ಒಂದ ಚಲೋ ಸೀರಿ ಕೊಡಸ್ತೀನಿ."

"ಅದಕ್ಕ ಗೋಡಂಬಿ ತಂದಿ."

"ಯವ್ವಾ, ನಾ ಏನ ಕಳವು ಮಾಡಲಾಕತ್ತಿಲ್ಲ," ಅವನ ದನಿ ಏರಿತು. "ಹನ್ನೆರಡ ವರ್ಷ ಆತು, ಆ ಹೊಲದಾಗ ಕಲ್ಲು ಆರಿಸಿದಾವ ನಾನು. ಅಪ್ಪನ್ನ ಮಿರಜಿಗೆ ಕರಕೊಂಡ ತಿರಗಿದಾವ ನಾನು. ಆಕೀಗ ಗಂಡನ ಹೊಲ ಇಲ್ಲೇನು?"

"ಮಿರಜಿನ ದವಾಖಾನ್ಯಾಗ ಹನ್ನೊಂದ ದಿನಾ ಆಕೀನೂ ಕುಂತಿದ್ಲು. ಹೊಲಿಗಿ ಮಶೀನ್ ಮುಚ್ಚಿಟ್ಟು ಬಂದಿದ್ಲು."

"ನಾ ಇಲ್ಲ ಅಂದ್ನೇನು?"

ಕಾಜಲ್ ತಟ್ಟೆಯಿಂದ ತಲೆ ಎತ್ತಿದಳು. "ಪಪ್ಪಾ, ನಾಳಿ ನನ್ನ ಸಹೀನೂ ಹಿಂಗ ತಗೋತೀರೇನು? ಮಲ್ಲೂನ ಸಲುವಾಗಿ?"

"ನೀ ಉಣ್ಣು."

"ಇಲ್ಲ, ಕೇಳ್ತೀನಿ. ಮೊದಲ ಹೇಳ್ತೀರೋ, ಉಂಡಿ ತಿನಸಿ ಹೇಳ್ತೀರೋ?"

ಶಿವಯೋಗೆಪ್ಪ ಅರ್ಧ ರೊಟ್ಟಿ ತಟ್ಟೆಯಲ್ಲೇ ಬಿಟ್ಟು ಎದ್ದ. ಹೊರಗೆ ಮೋಟರ್‌ಸೈಕಲ್ ಸುರುವಾದ ಸದ್ದು ಕೇಳಿತು. ನಂದಾ ಮಗಳ ಬೆನ್ನಿಗೆ ಒಂದು ಏಟು ಕೊಟ್ಟಳು. ಆದರೆ ಆ ಏಟಿನಲ್ಲಿ ಬಲವಿರಲಿಲ್ಲ.

ಮರುದಿನ ಅತ್ತೆ ಸೊಸೆ ಇಬ್ಬರೇ ಉಂಡಿ ಕಟ್ಟಲು ಕೂತರು. ಬೆಲ್ಲದ ಪಾಕ ಬಿಸಿಯಿರುವಾಗಲೇ ಎಳ್ಳುಂಡಿ ಕಟ್ಟಬೇಕು. ಅಂಗೈಗೆ ನೀರು ಹಚ್ಚಿಕೊಂಡು, ಸುಡುವುದನ್ನು ತಾಳಿಕೊಂಡು, ಲಗುಲಗು ಉರುಳಿಸಬೇಕು. ತಡಮಾಡಿದರೆ ಗಟ್ಟಿಯಾಗಿ ಬಾಣಲೆಗೆ ಹಿಡಿದುಕೊಳ್ಳುತ್ತದೆ. ದುಂಡವ್ವನ ಉಂಡೆಗಳು ಒಂದು ದೊಡ್ಡದು, ಒಂದು ಸಣ್ಣದು ಆಗುತ್ತಿದ್ದವು. ಎರಡು ಒಡೆದವು.

"ನಿನಗ ಗೊತ್ತಿತ್ತು," ಎಂದಳು ದುಂಡವ್ವ.

"ಗೊತ್ತಿತ್ರಿ."

"ನನಗ ಒಂದ ಮಾತ ಹೇಳಬಾರದಿತ್ತೇನು?"

ನಂದಾ ಕೈಯಲ್ಲಿದ್ದ ಉಂಡಿ ಪರಾತಕ್ಕೆ ಹಾಕಿ ಅತ್ತೆಯ ಕಡೆ ತಿರುಗಿದಳು. "ನನ್ನ ತವರೂರ ಮಾಡಗ್ಯಾಳಕ್ಕ ಕಳಿಸಿದಾಗ ಯಾರ ಹೇಳಿದ್ರಿ? ನಮ್ಮ ಅಣ್ಣ ಕಾಗದಾ ತಂದಾಗ ನೀವೇನಂದ್ರಿ? ನೆನಪೈತೇನ್ರಿ?"

ದುಂಡವ್ವನಿಗೆ ನೆನಪಿತ್ತು. ಮೂರು ವರ್ಷದ ಹಿಂದಿನ ಮಾತು. ಇದೇ ಪಡಸಾಲೆಯಲ್ಲಿ ಸೊಸೆ ಅಳುತ್ತ ಕೂತಿದ್ದಾಗ, ತವರು ಉಳೀಬೇಕಂದ್ರ ಸಹಿ ಮಾಡಿ ಬಾ, ಹೊಲ ಏನ ಹೊತ್ತಕೊಂಡ ಹೋಗ್ತೀದಿ ಎಂದವಳು ತಾನೇ.

"ಮಾಡಿ ಬಂದೆ," ಎಂದಳು ನಂದಾ. "ಆ ವರ್ಷ ಅಣ್ಣ ಬಂದು ಕರದ. ಮುಂದಿನ ವರ್ಷ ಫೋನ ಮಾಡಿದ. ಹೋದ ವರ್ಷ ಅದೂ ಇಲ್ಲ. ನಿಮ್ಮ ಮಗಳಿಗಿ ನೀವು ಐದ ನಮೂನಿ ಉಂಡಿ ಕಟ್ತೀರಿ. ನಂಗ ಯಾರ ಕಟ್ಟಾರ? ನಾ ಬಿಟ್ಟ ಬಂದೀನಿ, ಆಕೀನೂ ಬಿಡ್ಲಿ ಅಂತ ನನಗ ಅನಸ್ತೈತಿ. ಸುಳ್ಳ ಯಾಕ ಹೇಳ್ಲಿ?" ಅವಳು ಅಂಗೈಗೆ ಅಂಟಿದ ಪಾಕ ಕೆರೆದಳು. "ಮತ್ತ ಆಕಿ ಬಂದು ವೈನೀ ಅಂತ ಕೊಳ್ಳಿಗಿ ಬೀಳ್ತಾಳಲ್ಲ, ಅವಾಗ ಆಕಿ ಮುಖಾ ಹ್ಯಾಂಗ ನೋಡ್ಲಿ ಅಂತಾನೂ ಅನಸ್ತೈತಿ."

ಪಾಕ ಗಟ್ಟಿಯಾಗಿ ಹೋಗಿತ್ತು. ನಂದಾ ಅದನ್ನು ತಿರುಗಿ ಒಲೆಯ ಮೇಲಿಟ್ಟಳು.

ಪಂಚಮಿಗೆ ಐದು ದಿನ ಇರುವಾಗ ಶಿವಯೋಗೆಪ್ಪ ಬಾಡಿಗೆಯ ಗಾಡಿ ಮಾಡಿಕೊಂಡು ಹೋಗಿ ತಂಗಿಯನ್ನೂ ಅವಳ ಇಬ್ಬರು ಮಕ್ಕಳನ್ನೂ ಕರೆತಂದ. ಗಾಡಿ ಮನೆಯ ಮುಂದೆ ನಿಂತಾಗ ಓಣಿಯ ಹೆಂಗಸರು ಹೊರಗೆ ಬಂದು ನೋಡಿದರು. ಸಂಗವ್ವ ಇಳಿಯುತ್ತಲೇ, "ಯವ್ವಾ, ಅಣ್ಣ ಮನಿಮಟಾ ಬಂದಿದ್ದ! ನಮ್ಮ ಓಣ್ಯಾಗ ಎಲ್ಲಾರೂ ನೋಡೇ ನೋಡಿದ್ರು," ಎಂದಳು. ಮೂವತ್ತಾರರ ಹೆಂಗಸು ಹದಿನಾರರ ಹುಡುಗಿಯ ಹಾಗೆ ಅಡುಗೆಮನೆಗೆ ನುಗ್ಗಿ ಡಬ್ಬಿಗಳ ಮುಚ್ಚಳ ತೆಗೆದಳು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು, ಬೇಸನ್ ಉಂಡಿ, ಗೋಡಂಬಿ ಹಾಕಿದ ರವೆ ಉಂಡಿ. ಬೇರೆ ಡಬ್ಬಿಯಲ್ಲಿ ಚಕ್ಕಲಿ, ಚೂಡಾ.

"ಇದೇನ ವೈನೀ, ಮದವಿ ಮನಿ ಆಗೇತಿ?"

"ನಿಮ್ಮ ಅಣ್ಣನ್ನ ಕೇಳು," ಎಂದು ನಂದಾ ಒಲೆಯ ಕಡೆ ಮುಖ ಮಾಡಿದಳು.

ದುಂಡವ್ವ ಮಗಳ ಕೈಯಲ್ಲಿ ಅಳ್ಳಿಟ್ಟಿನ ಮುದ್ದೆ ಇಟ್ಟಳು. "ತಿನ್ನು."

ಅಂದೇ ಹೇಳಿಬಿಡಬೇಕೆಂದಿದ್ದಳು. ಬೆಳಗಿನಿಂದ ಮಾತು ಜೋಡಿಸಿಟ್ಟುಕೊಂಡಿದ್ದಳು. ಆದರೆ ಮಗಳು ಅಳ್ಳಿಟ್ಟು ತಿನ್ನುತ್ತ, ಅಪ್ಪ ಹೋದ ಮ್ಯಾಲೂ ಅಣ್ಣ ನನ್ನ ಮರತಿಲ್ಲ ನೋಡು ಯವ್ವಾ ಎಂದಾಗ ಬಾಯಿಗೆ ಬಂದದ್ದು ಹಿಂದಕ್ಕೆ ಹೋಯಿತು. ಎರಡನೇ ದಿನ ಬಾವಿಯ ಹತ್ತಿರ ಇಬ್ಬರೇ ಬಟ್ಟೆ ಒಗೆಯುತ್ತಿದ್ದಾಗ, "ಸಂಗವ್ವಾ," ಎಂದಳು. "ಏನ ಯವ್ವಾ?" "ಏನಿಲ್ಲ, ಸಬಕಾರ ಕೊಡು." ಮೂರನೇ ದಿನ ಕಾಜಲ್ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದಳು. ಸಂಗವ್ವ ನಿಂತು ಜೀಕಿದಳು. ಅವಳ ಸೆರಗು ಗಾಳಿಗೆ ಹಾರುವುದನ್ನು ನೋಡುತ್ತ ಶಿವಯೋಗೆಪ್ಪನೂ ನಕ್ಕ. ಆ ನಗು ಸುಳ್ಳಿನ ನಗು ಆಗಿರಲಿಲ್ಲ. ಅದೇ ದುಂಡವ್ವನಿಗೆ ಇನ್ನೂ ಕಷ್ಟವಾಯಿತು. ಅವಳು ಕೂತಲ್ಲಿ ಕೂಡಲಾರದೆ ಒಳಗೆ ಹೋದಳು, ಹೊರಗೆ ಬಂದಳು, ಮುಚ್ಚಿದ ಡಬ್ಬಿಗಳನ್ನೇ ಮತ್ತೆ ತೆಗೆದು ಮುಚ್ಚಿದಳು.

ಐದನೇ ದಿನ ರೊಟ್ಟಿ ಹಬ್ಬ. ಪಂಚಮಿಯ ದಿನ ಒಲೆಯ ಮೇಲೆ ಹಂಚು ಇಡುವುದಿಲ್ಲವಾದ್ದರಿಂದ ಹಿಂದಿನ ದಿನವೇ ರಾಶಿ ರೊಟ್ಟಿ ಬಡಿದು, ಪಲ್ಯ ಚಟ್ನಿ ಜೊತೆ ಮನೆಮನೆಗೆ ಹಂಚಬೇಕು. ಸಂಗವ್ವ ರಹಿಮಾಳ ಮನೆಗೆ ರೊಟ್ಟಿ ಕೊಡಲು ಹೊರಟಾಗ ದುಂಡವ್ವ, "ನೀ ಬ್ಯಾಡ, ನಾ ಹೋಗ್ತೀನಿ," ಎಂದು ಬುಟ್ಟಿ ಕಸಿದುಕೊಂಡಳು. ಬಾಗಿಲಲ್ಲಿ ರಹಿಮಾ ಕೇಳಿದಳು, "ಹೇಳಿದ್ರೇನ್ರಿ?" ದುಂಡವ್ವ ಇಲ್ಲವೆಂದು ತಲೆಯಾಡಿಸಿದಳು. "ಬ್ಯಾರೇವ್ರು ಹೇಳಿ ಆಕೀಗಿ ಗೊತ್ತಾಗೂಕಿಂತ ಮೊದಲ ಹೇಳ್ರಿ," ಎಂದಳು ರಹಿಮಾ.

ಪಂಚಮಿಯ ಬೆಳಿಗ್ಗೆ ಹೆಂಗಸರೆಲ್ಲ ಎಣ್ಣೆ ಸ್ನಾನ ಮಾಡಿ ಹೊಸ ಸೀರೆ ಉಟ್ಟು ಹೊಲದ ಬದುವಿನ ನಾಗಪ್ಪನ ಕಲ್ಲಿಗೆ ಹಾಲೆರೆಯಲು ಹೋದರು. ಶಿವಯೋಗೆಪ್ಪ ತೆಂಗಿನಕಾಯಿ ಹಿಡಿದು ಹಿಂದೆ ಬಂದ. ಸಂಗವ್ವ ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿಕೊಂಡು, ಒಬ್ಬೊಬ್ಬರ ಹೆಸರಿಗೂ ಒಂದೊಂದು ಹನಿ ಎರೆಯತೊಡಗಿದಳು.

"ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು." ಅಪ್ಪನ ಹೆಸರಿಗೆ ಎರಡು ಹನಿ ಎರೆದಳು. "ಅವ್ವನ ಪಾಲು. ಅಣ್ಣನ ಪಾಲು. ವೈನಿ ಪಾಲು. ಕಾಜಲ್‌ನ ಪಾಲು. ಮಲ್ಲೂನ ಪಾಲು." ಆಮೇಲೆ ಗಂಡನದು, ಮಕ್ಕಳದು. ಎರೆದು ಮುಗಿಸಿ ಬಟ್ಟಲನ್ನು ತಾಯಿಯ ಕೈಗೆ ಕೊಟ್ಟಳು.

ದುಂಡವ್ವ ದೇವರ ಹೆಸರು ಹೇಳಿದಳು, ಗಂಡನ ಪಾಲು ಎರೆದಳು, ಮಗನ ಪಾಲು ಎರೆದಳು. "ಸಂಗವ್ವನ ಪಾಲು," ಎಂದಳು. "ಸಂಗವ್ವನ ಪಾಲು," ಎಂದು ಮತ್ತೊಮ್ಮೆ ಅಂದಳು. ಬಟ್ಟಲು ವಾಲಿ ಅದರಲ್ಲಿದ್ದ ಹಾಲೆಲ್ಲ ಕಲ್ಲಿನ ಮೇಲೆ ಚೆಲ್ಲಿತು.

"ಯವ್ವಾ, ಏನಾತು?" ಸಂಗವ್ವ ಅವಳ ರಟ್ಟೆ ಹಿಡಿದಳು.

"ಸೋಮವಾರ ನಿನ್ನ ಜತ್ತಕ್ಕ ಕರಕೊಂಡ ಹೋಗ್ತಾನ," ಎಂದಳು ದುಂಡವ್ವ. "ಸೀರಿ ಕೊಡಸ್ತೀನಿ ಅಂತ ಹೇಳ್ತಾನ. ಹಕ್ಕಸೋಡದ ಮ್ಯಾಲ ಸಹಿ ಮಾಡಸ್ಕೋತಾನ. ಕಾಗದ ಬರದು ತಯಾರೈತಿ."

ಪಕ್ಕದ ಹೊಲದಲ್ಲಿ ಹಾಲೆರೆಯುತ್ತಿದ್ದವರು ಇತ್ತ ತಿರುಗಿದರು. ಸಂಗವ್ವ ಅಣ್ಣನ ಕಡೆ ನೋಡಿದಳು. ಅವನು, "ನಾ ಹೇಳಾವನ ಇದ್ದೆ. ಇವತ್ತ ಸಂಜೀಕ ಹೇಳಾವ ಇದ್ದೆ," ಎಂದ.

ಅವಳು ತಾಯಿಯ ಕಡೆ ತಿರುಗಿದಳು. "ನಿನಗ ಯಾವಾಗ ಗೊತ್ತಾತು?"

"ಹದಿನೈದ ದಿನ ಆತು."

"ನಾ ಬರೂಕಿಂತ ಮೊದಲ."

"ಹೂಂ."

"ನಾ ಬಂದು ಐದ ದಿನ ಆತು. ಐದ ದಿನಾ ನನ್ನ ಕೈಯಾಗ ಉಂಡಿ ಇಟ್ಟಿ. ತಿನ್ನು ತಿನ್ನು ಅಂದಿ." ಸಂಗವ್ವ ಕೂಗಲಿಲ್ಲ. ಕೂಗಿದ್ದರೆ ಚಲೋ ಇತ್ತು ಎಂದು ದುಂಡವ್ವನಿಗೆ ಆಮೇಲೆ ಎಷ್ಟೋ ಸಲ ಅನಿಸಿತು. "ಅಣ್ಣ ಬಂದು ನೆಟ್ಟಗ ಕೇಳಿದ್ರ ನಾ ಕೊಡ್ತಿದ್ನೋ ಇಲ್ಲೋ, ನನಗೂ ಗೊತ್ತಿಲ್ಲ. ಇಕಿನ್ನ ಕೇಳೂದೇನೈತಿ, ತಿನಸಿದ್ರ ಸಾಕು ಅಂತ ತಿಳಕೊಂಡ್ರಿ ಎಲ್ಲಾರೂ. ನೀನೂ ತಿಳಕೊಂಡಿ."

"ಇಲ್ಲವಾ, ನಾ…"

ಸಂಗವ್ವ ಮನೆಯ ಕಡೆ ನಡೆದಳು. ಮಕ್ಕಳ ಬಟ್ಟೆ ಚೀಲಕ್ಕೆ ತುಂಬಿದಳು. ಹಬ್ಬದ ದಿನ ಮಗಳು ಮನೆ ಬಿಟ್ಟು ಹೋಗಬಾರದೆಂದು ದುಂಡವ್ವ ಬಾಗಿಲಿಗೆ ಅಡ್ಡ ನಿಂತಳು. "ಅತ್ತಾಗ ಸರಿ, ಯವ್ವಾ," ಎಂದಳು ಸಂಗವ್ವ. ದುಂಡವ್ವ ಸರಿದಳು. ಕಟ್ಟಿಟ್ಟಿದ್ದ ಉಂಡಿಯ ಬುಟ್ಟಿ ಪಡಸಾಲೆಯಲ್ಲೇ ಉಳಿಯಿತು.

ಹೊಲದಿಂದ ಅವರ ಹಿಂದೆಯೇ ಬಂದಿದ್ದ ನಂದಾ ನಾದಿನಿಯ ಕೈಯಿಂದ ಚೀಲ ತೆಗೆದುಕೊಂಡು ಅವಳ ಹಿಂದೆ ನಡೆದಳು. ಇಬ್ಬರೂ ಬಸ್ಸಿಗಾಗಿ ಬಹಳ ಹೊತ್ತು ನಿಂತಿದ್ದು ದುಂಡವ್ವನಿಗೆ ಕಟ್ಟೆಯ ಮೇಲಿನಿಂದ ಕಾಣುತ್ತಿತ್ತು. ನಂದಾ ಏನೋ ಹೇಳುತ್ತಿದ್ದಳು. ಒಮ್ಮೆ ಸಂಗವ್ವ ಅವಳ ಹೆಗಲ ಮೇಲೆ ಕೈ ಇಟ್ಟಳು. ಸೊಸೆ ತಿರುಗಿ ಬಂದಾಗ ಕಣ್ಣು ಕೆಂಪಾಗಿದ್ದವು. ಏನು ಮಾತಾಡಿದಿರಿ ಎಂದು ಕೇಳುವ ಧೈರ್ಯ ಅತ್ತೆಗೆ ಆಗಲಿಲ್ಲ.

ಆಮೇಲಿನ ದಿನಗಳಲ್ಲಿ ಆ ಮನೆಯಲ್ಲಿ ಐದು ಜನ ಐದು ಹೊತ್ತಿಗೆ ಉಂಡರು. ಶಿವಯೋಗೆಪ್ಪ ತಾಯಿಯ ಜೊತೆ ಮಾತು ಬಿಟ್ಟ. "ಊರ ಮುಂದ ನನ್ನ ಮಾನ ತಗದಿ," ಎಂದದ್ದೇ ಕೊನೆ. ಕಾಜಲ್ ಉಂಡಿಗಳನ್ನು ಕಾಲೇಜಿಗೆ ಒಯ್ದಳು, ಮಲ್ಲು ಗೆಳೆಯರಿಗೆ ಹಂಚಿದ. ಆದರೂ ಡಬ್ಬಿ ಖಾಲಿಯಾಗಲಿಲ್ಲ. ದುಂಡವ್ವ ದಿನಕ್ಕೊಮ್ಮೆ ಮೊಮ್ಮಗಳ ಫೋನಿನಿಂದ ಕುಣಿಕೋಣೂರಿಗೆ ಫೋನ್ ಮಾಡಿಸುತ್ತಿದ್ದಳು. ಪ್ರತಿ ಸಲ ಅಳಿಯ ವಿಠೋಬನೇ ಎತ್ತುತ್ತಿದ್ದ. "ಅತ್ತೀ, ಆಕಿ ಮಶೀನ್ ಮ್ಯಾಲ ಕುಂತಾಳ್ರಿ. ಗಣಪತಿ ಹಬ್ಬದ ಬ್ಲೌಜ್ ಭಾಳ ಬಂದಾವ," ಎನ್ನುತ್ತಿದ್ದ. ಒಳ್ಳೆಯ ಮನುಷ್ಯ, ಸುಳ್ಳು ಹೇಳುವಾಗ ಅವನ ದನಿ ಸಣ್ಣದಾಗುತ್ತಿತ್ತು. ಹಿಂದೆ ಮಶೀನಿನ ಸದ್ದು ಮಾತ್ರ ಎಂದೂ ಕೇಳುತ್ತಿರಲಿಲ್ಲ.

ಎರಡು ವಾರದ ಮೇಲೆ ಶಿವಯೋಗೆಪ್ಪ ತಾಯಿಯ ಮುಂದೆ ಬಂದು ನಿಂತ. "ಸೋಲಾರಿನವರು ಕೇಳಲಾಕತ್ತಾರ. ನೀನರೇ ಸಹಿ ಮಾಡು."

"ಮಾಡಂಗಿಲ್ಲ."

"ಯವ್ವಾ!"

"ಆಕಿ ಮನಿಗಿ ಹೋಗಿ, ಆಕಿ ಗಂಡನ ಮುಂದ ಕುಂತು, ಹಿಂಗ ಹಿಂಗ ಐತಿ, ಕೊಡ್ತಿಯೋ ಇಲ್ಲೋ ಅಂತ ಕೇಳು. ಕೇಳಿ ಬಂದ ಮ್ಯಾಲ ನನ್ನ ಕೇಳು."

"ಆಕಿ ನನ್ನ ಮಾರಿ ಮ್ಯಾಲ ಬಾಗಲಾ ಹಾಕ್ತಾಳ."

ನಂದಾ ಕಸಬರಿಗೆ ಹಿಡಿದು ಪಡಸಾಲೆ ಗುಡಿಸುತ್ತಿದ್ದವಳು ನೆಟ್ಟಗಾದಳು. "ಹಾಕಿದ್ರ ಹಾಕ್ಲಿ, ಹೋಗ್ರಿ. ನಮ್ಮ ಅಣ್ಣ ನನ್ನ ಕೇಳ್ಲಿಲ್ಲ. ಕೇಳಿದ್ರ ಏನ ಹೇಳ್ತಿದ್ದೆ ಅಂತ ನಾ ಇನ್ನೂ ವಿಚಾರ ಮಾಡ್ತೀನಿ. ಮೂರ ವರ್ಷ ಆತು."

ಶಿವಯೋಗೆಪ್ಪ ಹೆಂಡತಿಯನ್ನು ಹೊಸದಾಗಿ ಕಂಡವನ ಹಾಗೆ ನೋಡಿದ. ಅಂದು ಹೋಗಲಿಲ್ಲ. ಮರುದಿನವೂ ಹೋಗಲಿಲ್ಲ. ಮೂರನೇ ದಿನ, ರವಿವಾರ, ಯಾರಿಗೂ ಹೇಳದೆ ಮೋಟರ್‌ಸೈಕಲ್ ತೆಗೆದ. ಅದು ಕುಣಿಕೋಣೂರಿನ ದಾರಿಗೆ ತಿರುಗಿದ್ದನ್ನು ಕಾಜಲ್ ಮಾಳಿಗೆಯ ಮೇಲಿನಿಂದ ನೋಡಿ ಬಂದು ಹೇಳಿದಳು.

ಅವನು ತಿರುಗಿ ಬಂದಾಗ ಹೊತ್ತು ಇಳಿಮುಖವಾಗಿತ್ತು. ಅತ್ತೆ ಸೊಸೆ ಇಬ್ಬರೂ ಕಟ್ಟೆಯ ಮೇಲೆ ಸೊಪ್ಪು ಸೋಸುತ್ತ ಕೂತಿದ್ದರು. ಸೊಪ್ಪು ಸೋಸಿ ಎಷ್ಟೋ ಹೊತ್ತಾಗಿತ್ತು. ಶಿವಯೋಗೆಪ್ಪ ಕಾಲಿಗೆ ನೀರು ಹಾಕಿಕೊಂಡು ಬಂದು ಕಂಬಕ್ಕೆ ಒರಗಿ ಕೂತ.

"ಏನಂದ್ಲು?" ಎಂದಳು ದುಂಡವ್ವ.

"ಸಹಿ ಮಾಡಂಗಿಲ್ಲ ಅಂದ್ಲು. ಲೀಜಿಗೆ ಕೊಡ್ರಿ, ನಂದೇನ ತಕರಾರಿಲ್ಲ, ನನ್ನ ಹೆಸರು ಇದ್ದಲ್ಲಿ ಇರ್ಲಿ ಅಂದ್ಲು."

"ನೀ ಏನಂದಿ?"

"ಏನ ಅನ್ಲಿ? ಸುಮ್ನ ಕುಂತೆ." ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ. "ಹೊರಡಬೇಕಂದ್ರ ತಾಟ ತಂದಿಟ್ಲು."

"ಉಂಡ್ಯಾ?"

"ಉಂಡೆ."

ನಂದಾ ಒಳಗೆ ಹೋಗಿ ಚಹಕ್ಕೆ ಇಟ್ಟಳು. ದುಂಡವ್ವ ಸೋಸಿದ ಸೊಪ್ಪನ್ನೇ ಮತ್ತೆ ಸೋಸಿದಳು. ಆಮೇಲೆ ತಾನೇ ಕೇಳಿದಳು. "ನನ್ನ ಸುದ್ದಿ ತಗದ್ಲೇನು?"

ಶಿವಯೋಗೆಪ್ಪ ಟವೆಲ್ ಮಡಿಸಿ ಹೆಗಲಿಗೆ ಹಾಕಿಕೊಂಡ. "ಗಾಡಿ ಚಾಲೂ ಮಾಡಿದ ಮ್ಯಾಲ ಬಾಗಲಿಗೆ ಬಂದು ನಿಂತ್ಲು. ಅವ್ವಗ ಹೇಳು, ಬರೂದಿದ್ರ ಬರ್ಲಿ, ಆದ್ರ ಬರಿಗೈಲೆ ಬಾ ಅಂತ ಹೇಳು ಅಂದ್ಲು."

ಮರುದಿನ ಬೆಳಿಗ್ಗೆ ಏಳೂವರೆಯ ಬಸ್ಸಿಗೆ ದುಂಡವ್ವ ಹೊರಟಳು. ನಂದಾ ಅಭ್ಯಾಸಬಲದಿಂದ ಒಂದು ಚೀಲ ತೆಗೆದುಕೊಟ್ಟಳು. ಅತ್ತೆ ಅದನ್ನು ಮಡಿಸಿ ತಿರುಗಿ ಗೂಟಕ್ಕೆ ಹಾಕಿದಳು. ಹದಿನೇಳು ವರ್ಷದಲ್ಲಿ ಮಗಳ ಮನೆಗೆ ಹೋದಾಗಲೆಲ್ಲ ಅವಳ ತಲೆಯ ಮೇಲೆ ಬುಟ್ಟಿಯೋ ಕಂಕುಳಲ್ಲಿ ಗಂಟೋ ಇರುತ್ತಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತವಳಿಗೆ ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಮಡಿಲಲ್ಲಿಟ್ಟಳು, ಮುಂದಿನ ಸೀಟಿನ ಸರಳು ಹಿಡಿದಳು, ಮತ್ತೆ ಮಡಿಲಿಗೆ ತಂದಳು.

"ಎಲ್ಲಿಗಿ, ಆಜಿ?" ಎಂದ ಕಂಡಕ್ಟರ್. "ಸಾಮಾನೈತೇನು?"

"ಕುಣಿಕೋಣೂರ," ಎಂದಳು ದುಂಡವ್ವ. "ಮಗಳ ಮನಿ. ಸಾಮಾನೇನೂ ಇಲ್ಲ."